ಮಿಲಿಮೀಟರ್ ಲೆಕ್ಕದಲ್ಲಿ ಬೆಳೆಯುವ ಕಡಲತಳ

ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ, ಡನ್‌ವೆಗನ್ ಕೋಟೆಯಿಂದ ಸ್ವಲ್ಪ ದೂರ ಹೋದರೆ ಕ್ಲೇಗನ್ ಎಂಬ ಊರಿನ ಬಳಿ ಅಚ್ಚ ಬಿಳುಪಿನ ಕಡಲತೀರವೊಂದು ಸಿಗುತ್ತದೆ. ಸುತ್ತಲೂ ಕಪ್ಪು ಬಂಡೆ, ಹಸಿರು ಗುಡ್ಡ. ನಡುವೆ ಈ ಬಿಳಿ ಪಟ್ಟಿ. ಪ್ರವಾಸಿಗರು ಅದನ್ನು ಹವಳದ ತೀರ ಎಂದೇ ಕರೆಯುತ್ತಾರೆ. ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಕ್ಯಾರರೋ ಎಂಬಲ್ಲಿಯೂ ಇಂಥದೊಂದು ತೀರವಿದೆ, ಅದಕ್ಕೂ ಹೆಚ್ಚುಕಡಿಮೆ ಅದೇ ಹೆಸರು. ಒಂದು ಹಿಡಿ ಎತ್ತಿಕೊಂಡು ನೋಡಿದರೆ ಅದು ಮರಳಲ್ಲ ಎಂಬುದು ತಕ್ಷಣ ತಿಳಿಯುತ್ತದೆ. ಬೆರಳ ತುದಿಯಷ್ಟು ಉದ್ದದ, ಅಡ್ಡಾದಿಡ್ಡಿ ಕವಲೊಡೆದ ಸುಣ್ಣದ ಚೂರುಗಳು ಅವು. ಹವಳವೂ ಅಲ್ಲ, ಏಕೆಂದರೆ ಉಷ್ಣವಲಯದಲ್ಲಿ ದಿಬ್ಬ ಕಟ್ಟುವ ಹವಳಗಳು ಅಷ್ಟು ತಣ್ಣಗಿನ ನೀರಿನಲ್ಲಿ ಬದುಕುವುದಿಲ್ಲ. ಅಲೆ ತಂದು ಹಾಕಿ ಬಿಸಿಲು ಬಿಳಿಚಿಸಿದ ಆ ಚೂರುಗಳು ಒಂದು ಕಾಲದಲ್ಲಿ ಸಮುದ್ರದ ತಳದಲ್ಲಿ ನಸುಗೆಂಪು ಬಣ್ಣದಲ್ಲಿ ಜೀವಂತವಾಗಿದ್ದವು. ಅವು ಒಂದು ಬಗೆಯ ಪಾಚಿ.

ಆ ಪಾಚಿಯ ಹೆಸರು ಮೇರ್ಲ್. ಫ್ರಾನ್ಸಿನ ವಾಯವ್ಯ ಮೂಲೆಯ ಬ್ರಿಟ್ಟನಿ ಪ್ರಾಂತ್ಯದ ಜನರ ಬ್ರೆಟನ್ ಭಾಷೆಯಿಂದ ಬಂದ ಈ ಹೆಸರನ್ನೇ ವಿಜ್ಞಾನಿಗಳೂ ಬಳಸುತ್ತಾರೆ. ಮೇರ್ಲ್ ಒಂದೇ ಜಾತಿಯಲ್ಲ. ಮೈಯಲ್ಲಿ ಸುಣ್ಣ ತುಂಬಿಕೊಳ್ಳುವ ಕೆಂಪು ಪಾಚಿಗಳ ದೊಡ್ಡ ಬಳಗವೊಂದಿದೆ; ಅದರಲ್ಲಿ ಯಾವುದು ಬಂಡೆಗೆ ಅಂಟಿಕೊಳ್ಳದೆ, ಬೇರೂ ಬಿಡದೆ, ಸಮುದ್ರದ ನೆಲದ ಮೇಲೆ ಬಿಡಿಬಿಡಿಯಾಗಿ ಬಿದ್ದುಕೊಂಡು ಬೆಳೆಯುತ್ತದೋ ಅದಕ್ಕೆ ಈ ಹೆಸರು. ಯುರೋಪಿನ ಅಟ್ಲಾಂಟಿಕ್ ಕರಾವಳಿಯಲ್ಲಿ ಮುಖ್ಯವಾಗಿ ಮೂರು ಜಾತಿಗಳಿವೆ: ಫೈಮಟೋಲಿಥಾನ್ ಕ್ಯಾಲ್ಕೇರಿಯಂ, ಲಿಥೋಥ್ಯಾಮ್ನಿಯನ್ ಕೊರಾಲಿಯಾಯ್ಡಿಸ್, ಮತ್ತು ಉತ್ತರದ ತಣ್ಣೀರಿಗೆ ಒಗ್ಗಿದ ಲಿಥೋಥ್ಯಾಮ್ನಿಯನ್ ಗ್ಲೇಸಿಯೇಲ್. ಇಂಥ ಪಾಚಿ ಲಕ್ಷಗಟ್ಟಲೆ ಸೇರಿ ನೆಲ ಮುಚ್ಚಿದ ಜಾಗವೇ ಮೇರ್ಲ್ ಹಾಸು. ಪ್ರಪಂಚದ ಬೇರೆ ಕಡಲುಗಳಲ್ಲೂ ಇವುಗಳ ಹತ್ತಿರದ ನೆಂಟರಿದ್ದಾರೆ. ಬ್ರೆಜಿಲ್‌ನ ಅಬ್ರೋಲೋಸ್ ಕರಾವಳಿಯಾಚೆ ಸುಮಾರು 20,900 ಚದರ ಕಿಲೋಮೀಟರ್ ಹರಡಿರುವ ಹಾಸನ್ನು ಗುರುತಿಸಲಾಗಿದೆ. ಈ ಲೇಖನ ಮಾತ್ರ ಹೆಚ್ಚಾಗಿ ಸ್ಕಾಟ್ಲೆಂಡಿನ ಕ್ಲೈಡ್ ಕೊಲ್ಲಿಯ ಸುತ್ತಲೇ ಇರುತ್ತದೆ. ಮೇರ್ಲ್ ಹೇಗೆ ಬದುಕುತ್ತದೆ, ಹೇಗೆ ಸಾಯುತ್ತದೆ ಎಂಬೆರಡನ್ನೂ ವಿವರವಾಗಿ ಗಮನಿಸಿ ದಾಖಲಿಸಿರುವ ಜಾಗಗಳಲ್ಲಿ ಅದೂ ಒಂದು.

ಕಲ್ಲಿನಂತಿರುವ ಇದು ಸಸ್ಯವೋ ಪ್ರಾಣಿಯೋ ಎಂಬುದೇ ಬಹುಕಾಲ ಇತ್ಯರ್ಥವಾಗಿರಲಿಲ್ಲ. 1766ರಲ್ಲಿ ಪೀಟರ್ ಸೈಮನ್ ಪಲ್ಲಾಸ್ ಎಂಬ ನಿಸರ್ಗತಜ್ಞ ಇದನ್ನು ವರ್ಣಿಸಿದಾಗ ಹವಳದಂಥ ಪ್ರಾಣಿಗಳ ಸಾಲಿನಲ್ಲಿ ಸೇರಿಸಿದ. ಇವು ಸಸ್ಯಗಳೆಂದು 1837ರಲ್ಲಿ ವಾದಿಸಿ ತೋರಿಸಿದವನು ರುಡಾಲ್ಫ್ ಅಮಾಂಡಸ್ ಫಿಲಿಪ್ಪಿ ಎಂಬ ಜರ್ಮನ್ ನಿಸರ್ಗತಜ್ಞ. ಗೊಂದಲ ಸಹಜವೇ. ಜೀವಂತ ಮೇರ್ಲ್ ತುಂಡೊಂದನ್ನು ಅಂಗೈಯಲ್ಲಿಟ್ಟುಕೊಂಡರೆ ಎರಡು ಮೂರು ಸೆಂಟಿಮೀಟರ್ ಉದ್ದದ, ಗಂಟುಗಂಟಾದ ಶುಂಠಿಯ ಚೂರಿಗೆ ನೇರಳೆಗೆಂಪು ಬಣ್ಣ ಬಳಿದಂತೆ ಕಾಣುತ್ತದೆ. ಒತ್ತಿದರೆ ಬಾಗುವುದಿಲ್ಲ, ಪಟ್ಟೆಂದು ಮುರಿಯುತ್ತದೆ. ಮುರಿದ ಬಾಯಿಯಲ್ಲಿ ಬಣ್ಣ ಇರುವುದು ಅಂಚಿಗೆ ಮಾತ್ರ, ಒಳಗೆಲ್ಲ ಬೆಳ್ಳಗೆ. ಜೀವ ಇರುವುದು ಹೊರಗಿನ ಆ ತೆಳುವಾದ ಪದರದಲ್ಲಿ. ಅದು ತನ್ನ ಜೀವಕೋಶಗಳ ಗೋಡೆಗಳಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟನ್ನು, ಎಂದರೆ ಚಿಪ್ಪು ಮತ್ತು ಸುಣ್ಣಕಲ್ಲುಗಳಲ್ಲಿರುವ ವಸ್ತುವನ್ನೇ, ತುಂಬುತ್ತಾ ಹೋಗುತ್ತದೆ. ಹಳೆಯ ಕೋಶಗಳು ಒಳಗೆ ಉಳಿಯುತ್ತವೆ, ಹೊಸವು ತುದಿಯಲ್ಲಿ ಹುಟ್ಟುತ್ತವೆ.

ಸಸ್ಯವಾದ್ದರಿಂದ ಬೆಳಕು ಬೇಕು. ನೀರಿನಾಳಕ್ಕೆ ಇಳಿದಂತೆ ಬಿಸಿಲಿನ ಬಣ್ಣಗಳು ಒಂದೇ ಸಮನಾಗಿ ಕಡಿಮೆಯಾಗುವುದಿಲ್ಲ. ಕೆಂಪು ಬೆಳಕು ಮೇಲಿನ ಕೆಲವು ಮೀಟರುಗಳಲ್ಲೇ ಹೀರಿಹೋಗುತ್ತದೆ. ನೀಲಿ ಮತ್ತು ಹಸಿರು ಇನ್ನಷ್ಟು ಕೆಳಗೆ ತಲಪುತ್ತವೆ. ಮೇರ್ಲ್‌ಗೆ ಕೆಂಪು ಛಾಯೆ ಕೊಡುವ ಫೈಕೋಎರಿಥ್ರಿನ್ ಎಂಬ ವರ್ಣದ್ರವ್ಯ ಈ ನೀಲಿ-ಹಸಿರು ಬೆಳಕನ್ನು ಹಿಡಿದು ದ್ಯುತಿಸಂಶ್ಲೇಷಣೆಗೆ, ಅಂದರೆ ಬೆಳಕಿನಿಂದ ಆಹಾರ ತಯಾರಿಸುವ ಕೆಲಸಕ್ಕೆ, ಒದಗಿಸುತ್ತದೆ. ಹೀಗಾಗಿ ಬೇರೆ ಅನೇಕ ಕಡಲಕಳೆಗಳಿಗೆ ಸಾಲದ ಮಂದ ಬೆಳಕಿನಲ್ಲೂ ಇದು ಬದುಕುತ್ತದೆ. ಆದರೂ ಒಂದು ಮಿತಿ ಇದೆ. ಬ್ರಿಟನ್ ಸುತ್ತಮುತ್ತ ಮೇರ್ಲ್ ಹಾಸುಗಳು ಸಾಮಾನ್ಯವಾಗಿ 30 ಮೀಟರ್ ಆಳದೊಳಗೆ ಸಿಗುತ್ತವೆ; ತಿಳಿನೀರಿನ ಮೆಡಿಟರೇನಿಯನ್‌ನಲ್ಲಿ ಇನ್ನೂ ಆಳದಲ್ಲಿವೆ. ಮೇಲ್ಗಡೆಯ ಮಿತಿ ಇಳಿತದ ನೀರಿನ ಗೆರೆ. ಒಣಗುವುದನ್ನು ಇದು ತಾಳುವುದಿಲ್ಲ.

ಬೆಳಕಿನಷ್ಟೇ ಮುಖ್ಯ ನೀರಿನ ಓಟ. ನೀರು ತೀರಾ ನಿಂತಿದ್ದರೆ ಹೂಳು ಕುಳಿತು ಪಾಚಿಯನ್ನು ಮುಚ್ಚಿಬಿಡುತ್ತದೆ. ಅಲೆಗಳು ಜೋರಾಗಿದ್ದರೆ ತುಂಡುಗಳು ಕೊಚ್ಚಿಹೋಗುತ್ತವೆ, ಇಲ್ಲವೇ ಉಜ್ಜಿ ಉಜ್ಜಿ ಪುಡಿಯಾಗುತ್ತವೆ. ಹೂಳನ್ನು ಗುಡಿಸುವಷ್ಟು ಸೆಳೆತ ಇರಬೇಕು, ತುಂಡುಗಳನ್ನು ಹೊತ್ತೊಯ್ಯುವಷ್ಟು ಇರಬಾರದು. ದ್ವೀಪಗಳ ನಡುವಿನ ಜಲಸಂಧಿಗಳು, ಕೊಲ್ಲಿಯ ಬಾಯಿಗಳು, ಅಳಿವೆಗಳ ಅಂಚುಗಳು ಇಂಥ ಜಾಗಗಳು. ಅಲ್ಲೂ ಒಂದು ತುಂಡು ಯಾವಾಗಲೂ ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಕೆಳಭಾಗಕ್ಕೆ ಬೆಳಕು ಸಿಗದೆ ಅದು ಸಾಯಬೇಕು. ಆಗೊಮ್ಮೆ ಈಗೊಮ್ಮೆ ನೀರಿನ ಸೆಳೆತ ಅದನ್ನು ಹೊರಳಿಸುತ್ತದೆ. ಏಡಿ, ಮೀನು, ನಕ್ಷತ್ರಮೀನು ಓಡಾಡುವಾಗಲೂ ಅದು ಮಗುಚಿಕೊಳ್ಳುತ್ತದೆ. ಚಲನೆ ಹೆಚ್ಚಿರುವಲ್ಲಿ ತುಂಡುಗಳು ದುಂಡಗೆ, ಗಟ್ಟಿಯಾಗಿ ಬೆಳೆಯುತ್ತವೆ. ಶಾಂತ ನೀರಿನಲ್ಲಿ ಕವಲುಗಳು ಸಡಿಲವಾಗಿ ಹರಡಿಕೊಳ್ಳುತ್ತವೆ. ಆಕಾರ ನೋಡಿಯೇ ಆ ಜಾಗದ ನೀರು ಹೇಗಿದೆ ಎಂದು ಬಲ್ಲವರು ಊಹಿಸಬಲ್ಲರು.

ಇನ್ನು ಬೆಳವಣಿಗೆಯ ವೇಗ. ಇಡೀ ವಿಷಯದ ಕೀಲು ಇರುವುದು ಇಲ್ಲಿ. ಮೇರ್ಲ್‌ನ ಕವಲಿನ ತುದಿ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಮಿಲಿಮೀಟರ್. ಅನೇಕ ಕಡೆ ಅದಕ್ಕಿಂತ ಕಡಿಮೆ. ಮೂರು ಸೆಂಟಿಮೀಟರ್ ಗಾತ್ರದ ತುಂಡಿಗೆ ಹಲವು ದಶಕಗಳ ವಯಸ್ಸಾಗಿರುತ್ತದೆ. ಬ್ರಿಟನ್ ಸುತ್ತಲಿನ ಹಾಸುಗಳಲ್ಲಿ ಇದು ವಂಶ ಬೆಳೆಸುವುದೂ ಹೆಚ್ಚಾಗಿ ಮುರಿಯುವುದರ ಮೂಲಕವೇ: ತುಂಡು ಎರಡಾದರೆ ಎರಡೂ ಬೆಳೆಯುತ್ತವೆ. ಬೀಜಕಣ ಬಿಟ್ಟು ದೂರದ ಜಾಗಕ್ಕೆ ಹೋಗಿ ನೆಲೆಯೂರುವುದು ಅಪರೂಪ. ಆದ್ದರಿಂದ ಒಂದು ಕಡೆಯ ಹಾಸು ನಾಶವಾದರೆ ಪಕ್ಕದ ಹಾಸಿನಿಂದ ಸಸಿ ಬಂದು ಜಾಗ ತುಂಬೀತು ಎಂದು ನೆಚ್ಚಿ ಕೂರುವಂತಿಲ್ಲ.

ಇಷ್ಟು ನಿಧಾನದ ಬೆಳವಣಿಗೆ ಸಾವಿರಾರು ವರ್ಷ ಅಡೆತಡೆಯಿಲ್ಲದೆ ನಡೆದರೆ ಏನಾಗುತ್ತದೆ? ಮೇಲೆ ನಸುಗೆಂಪಿನ ಜೀವಂತ ಪದರ, ಕೆಲವೇ ಸೆಂಟಿಮೀಟರ್ ದಪ್ಪ. ಕೆಳಗೆ ಸತ್ತ ಮೇರ್ಲ್ ತುಂಡುಗಳ ಬೂದುಬಿಳಿ ರಾಶಿ, ಕೆಲವೆಡೆ ಹಲವು ಮೀಟರ್ ದಪ್ಪ. ಕೆಲವು ಹಾಸುಗಳ ವಯಸ್ಸು 8000 ವರ್ಷಕ್ಕೂ ಹೆಚ್ಚೆಂದು ಅಂದಾಜು. ಹಿಮಯುಗ ಮುಗಿದು ಸಮುದ್ರ ಏರಿ ಈಗಿನ ಕರಾವಳಿ ರೂಪುಗೊಂಡ ಕಾಲದಿಂದ ಅವು ಕಟ್ಟಿಕೊಳ್ಳುತ್ತಾ ಬಂದಿವೆ.

ಕವಲೊಡೆದ ತುಂಡುಗಳು ಒಂದರ ಮೇಲೊಂದು ಬಿದ್ದಾಗ ಒತ್ತಾಗಿ ಕೂರುವುದಿಲ್ಲ. ನಡುವೆ ಸಂದುಗಳು ಉಳಿಯುತ್ತವೆ. ಆ ಸಂದುಗಳಲ್ಲಿ ಸಮುದ್ರದ ನೀರು ಹರಿದಾಡುತ್ತದೆ, ನೀರಿನೊಂದಿಗೆ ಆಮ್ಲಜನಕ ಕೆಳಗಿಳಿಯುತ್ತದೆ. ಕೆಸರು ನೆಲದಲ್ಲಿ ಮೇಲಿನ ತೆಳು ಪದರ ದಾಟಿದರೆ ಉಸಿರಾಡಲು ಗಾಳಿಯಿರುವುದಿಲ್ಲ. ಮೇರ್ಲ್ ಹಾಸಿನಲ್ಲಿ ಹಾಗಲ್ಲ. ಸ್ಕಾಟ್ಲೆಂಡಿನಲ್ಲಿ ಉಪೊಜೀಬಿಯಾ ಎಂಬ ಸಿಗಡಿಯಂಥ ಪ್ರಾಣಿ ಇದರೊಳಗೆ ಅರ್ಧ ಮೀಟರಿಗೂ ಕೆಳಗೆ ಬಿಲ ತೋಡಿ ವಾಸಿಸುವುದನ್ನು ಕಂಡಿದ್ದಾರೆ. ಅಷ್ಟೇ ಆಳದಲ್ಲಿ ದೊಡ್ಡ ಚಿಪ್ಪುಜೀವಿಗಳು ಉದ್ದನೆಯ ಕೊಳವೆಯನ್ನು ಮೇಲಕ್ಕೆ ಚಾಚಿ ನೀರು ಹೀರುತ್ತಾ ಕೂತಿರುತ್ತವೆ. ನಡುವಿನ ಪದರದಲ್ಲಿ ಹುಳುಗಳು, ಸಣ್ಣ ಏಡಿಗಳು, ಬಸವನಹುಳುವಿನ ಜಾತಿಯವು. ಮೇಲ್ಮೈಯಲ್ಲಿ ಮೆತ್ತನೆಯ ಕಡಲಕಳೆಗಳಿಗೆ ಹಿಡಿದು ನಿಲ್ಲಲು ಗಟ್ಟಿ ಆಸರೆ. ಕ್ಲಾಡೋಫೋರಾ ರೋಡೋಲಿಥಿಕೋಲಾ, ಜೆಲಿಡಿಯೆಲ್ಲಾ ಕ್ಯಾಲ್ಸಿಕೋಲಾ ಎಂಬ ಪಾಚಿಗಳು ಹೆಚ್ಚಾಗಿ ಮೇರ್ಲ್ ಮೇಲೆಯೇ ಕಾಣಸಿಗುವಂಥವು. ಮರಳನ್ನೋ ಕೆಸರನ್ನೋ ನೆಚ್ಚಿದ ಜೀವಿಗಳೂ, ಬಂಡೆಯನ್ನು ನೆಚ್ಚಿದ ಜೀವಿಗಳೂ ಇಲ್ಲಿ ಒಂದೇ ಕಡೆ ಸೇರುತ್ತವೆ. ಚೆನ್ನಾಗಿ ಸಮೀಕ್ಷೆ ನಡೆದ ಹಾಸುಗಳಲ್ಲಿ ನೂರಾರು ಪ್ರಭೇದಗಳು ದಾಖಲಾಗಲು ಕಾರಣ ಇದು.

ಅವುಗಳಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಲೈಮೇರಿಯಾ ಹಿಯಾನ್ಸ್ ಎಂಬುದು ಎರಡು ಚಿಪ್ಪಿನ ಜೀವಿ. ಚಿಪ್ಪು ಬೆಳ್ಳಗೆ, ಅದರ ಅಂಚಿನಿಂದ ಬೆಂಕಿ ಬಣ್ಣದ ನೂರಾರು ಎಳೆಗಳು ಹೊರಚಾಚಿರುತ್ತವೆ. ಆ ಎಳೆಗಳನ್ನು ಪೂರ್ತಿ ಒಳಗೆಳೆದುಕೊಂಡು ಚಿಪ್ಪು ಮುಚ್ಚಲು ಅದಕ್ಕೆ ಆಗುವುದಿಲ್ಲ. ಹಾಗಾಗಿ ಬಯಲಿನಲ್ಲಿದ್ದರೆ ಮೀನಿಗೂ ಏಡಿಗೂ ಸುಲಭದ ತುತ್ತು. ಅದು ತನ್ನ ಮೈಯಿಂದ ಹೊರಡುವ ನೂಲಿನಿಂದ ಮೇರ್ಲ್ ಚೂರುಗಳನ್ನು ಹೆಣೆದು ಗೂಡು ಕಟ್ಟಿಕೊಳ್ಳುತ್ತದೆ. ನೆರೆಯವುಗಳ ಗೂಡು ಒಂದಕ್ಕೊಂದು ತಾಗಿ ಬೆಳೆದು ಕೊನೆಗೆ ನೆಲದ ಮೇಲೆ ಇಡೀ ಕಂಬಳಿಯೇ ಆಗುತ್ತದೆ. ಆ ಹೆಣಿಗೆ ಸಡಿಲ ತುಂಡುಗಳನ್ನು ಹಿಡಿದಿಡುತ್ತದೆ, ಮೇಲೆ ಇನ್ನಷ್ಟು ಕಡಲಕಳೆ ಮತ್ತು ಪ್ರಾಣಿಗಳಿಗೆ ನೆಲೆ ಕೊಡುತ್ತದೆ. ಪಾಚಿ ಪ್ರಾಣಿಗೆ ಮನೆ ಕೊಟ್ಟಿತು, ಪ್ರಾಣಿ ಪಾಚಿಯ ನೆಲವನ್ನು ಭದ್ರಪಡಿಸಿತು.

ಮನುಷ್ಯರ ಜೀವನೋಪಾಯಕ್ಕೆ ನೇರ ಸಂಬಂಧವಿರುವುದು ಮರಿಗಳ ವಿಷಯ. ಸ್ಕ್ಯಾಲಪ್ ಎಂಬ ಚಿಪ್ಪುಮೀನು ಸ್ಕಾಟ್ಲೆಂಡಿನ ಬೆಲೆಬಾಳುವ ಹಿಡುವಳಿ. ಅದರ ಮರಿ ಹುಟ್ಟಿದ ಮೊದಲ ವಾರಗಳಲ್ಲಿ ನೀರಿನಲ್ಲಿ ತೇಲುತ್ತದೆ, ಆಮೇಲೆ ಎಲ್ಲಾದರೂ ನೂಲಿನಿಂದ ಅಂಟಿಕೊಳ್ಳಬೇಕು. ನಿಕೊಲಸ್ ಕಮೆನೋಸ್ ಎಂಬ ಸಂಶೋಧಕ ಮತ್ತು ಜೊತೆಗಾರರು 2000ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನಲ್ಲಿ ನಡೆಸಿದ ಅಧ್ಯಯನಗಳಲ್ಲಿ ಕ್ವೀನ್ ಸ್ಕ್ಯಾಲಪ್ ಮರಿಗಳು ಜಲ್ಲಿಗಿಂತಲೂ, ಜಜ್ಜಿಹೋಗಿ ಸತ್ತ ಮೇರ್ಲ್‌ಗಿಂತಲೂ ಜೀವಂತ ಮೇರ್ಲನ್ನೇ ಹೆಚ್ಚಾಗಿ ಆರಿಸಿಕೊಂಡವು. ಕಾರಣ ಊಹಿಸಬಹುದು. ಜೀವಂತ ತುಂಡಿನ ಕವಲುಗಳ ಸಂದಿನಲ್ಲಿ ಅಂಟಿಕೊಳ್ಳಲು ಜಾಗವಿದೆ, ಅವಿತುಕೊಳ್ಳಲು ಮರೆಯಿದೆ, ನೀರಿನ ಓಟ ಆಹಾರ ತಂದುಕೊಡುತ್ತದೆ. ಕಾಡ್ ಮೀನಿನ ಮರಿಗಳೂ ಜಲ್ಲಿ ನೆಲಕ್ಕಿಂತ ಮೇರ್ಲ್ ಮೇಲೆ ಹೆಚ್ಚು ಕಂಡುಬಂದವು. ನಾಳೆ ಬಲೆಗೆ ಬೀಳಬೇಕಾದ ಮೀನು ಇಂದು ಬೆಳೆಯುವ ಜಾಗ ಇದು.

ಮೇರ್ಲ್ ಮತ್ತೊಂದು ಉಪಕಾರವನ್ನೂ ಮಾಡುತ್ತದೆ. ಬೇಸಿಗೆಯ ಬೆಳವಣಿಗೆಗೂ ಚಳಿಗಾಲದ ಬೆಳವಣಿಗೆಗೂ ವ್ಯತ್ಯಾಸವಿರುವುದರಿಂದ ತುಂಡಿನೊಳಗೆ ಮರಕ್ಕಿರುವಂತೆ ವರ್ಷವರ್ಷದ ಗೆರೆಗಳು ಮೂಡುತ್ತವೆ. ನೀರು ಬೆಚ್ಚಗಿದ್ದಾಗ ಸುಣ್ಣದಲ್ಲಿ ಮೆಗ್ನೀಸಿಯಂ ಪ್ರಮಾಣ ಹೆಚ್ಚು, ತಣ್ಣಗಿದ್ದಾಗ ಕಡಿಮೆ. ಗೆರೆ ಗೆರೆಯಲ್ಲೂ ಅದನ್ನು ಅಳೆದರೆ ಥರ್ಮಾಮೀಟರ್ ಹುಟ್ಟುವ ಮೊದಲಿನ ಕಾಲದ ಸಮುದ್ರದ ಉಷ್ಣತೆ ತಿಳಿಯುತ್ತದೆ. ಕಮೆನೋಸ್ 2010ರಲ್ಲಿ ಪ್ರಕಟಿಸಿದ ಸಂಶೋಧನೆ ಹೀಗೆ 1353ರವರೆಗೆ ಹಿಂದಕ್ಕೆ ಹೋಗಿ, ಉತ್ತರ ಅಟ್ಲಾಂಟಿಕ್‌ನಲ್ಲಿ ಚಳಿಗಾಲಕ್ಕಿಂತ ಬೇಸಿಗೆಗಳೇ ಹೆಚ್ಚು ಬೆಚ್ಚಗಾಗಿವೆ ಎಂದು ತೋರಿಸಿತು.

ಇಂಥ ನೆಲಕ್ಕೆ ಕಬ್ಬಿಣ ಬಿದ್ದರೆ ಏನಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಸ್ಕ್ಯಾಲಪ್ ಹಿಡಿಯುವ ಡ್ರೆಜ್ ಎಂದರೆ ಭಾರದ ಕಬ್ಬಿಣದ ಚೌಕಟ್ಟು. ಅದರ ಮುಂಭಾಗದಲ್ಲಿ ಬೆರಳುದ್ದದ ಹಲ್ಲುಗಳ ಸಾಲು, ಹಿಂದೆ ಉಕ್ಕಿನ ಬಳೆಗಳಿಂದ ಹೆಣೆದ ಚೀಲ. ಸ್ಕ್ಯಾಲಪ್ ನೆಲದಲ್ಲಿ ಅರ್ಧ ಹುದುಗಿಕೊಂಡಿರುವುದರಿಂದ ಹಲ್ಲುಗಳು ನೆಲವನ್ನು ಕೆರೆದು ಅದನ್ನು ಎಬ್ಬಿಸಬೇಕು. ಇಂಥ ಹಲವಾರು ಡ್ರೆಜ್‌ಗಳನ್ನು ಒಂದು ಅಡ್ಡದಂಡಕ್ಕೆ ಕಟ್ಟಿ ದೋಣಿಯ ಎರಡೂ ಪಕ್ಕದಲ್ಲಿ ಎಳೆಯುತ್ತಾರೆ.

ಜೇಸನ್ ಹಾಲ್-ಸ್ಪೆನ್ಸರ್ ಮತ್ತು ಪಿ. ಜಿ. ಮೂರ್ ಎಂಬ ಸಂಶೋಧಕರು 1990ರ ದಶಕದಲ್ಲಿ ಕ್ಲೈಡ್ ಕೊಲ್ಲಿಯಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಅವರು ಎರಡು ಬಗೆಯ ಜಾಗ ಆರಿಸಿಕೊಂಡರು. ಒಂದು, ಹಿಂದೆಂದೂ ಡ್ರೆಜ್ ತಾಗದ ಮೇರ್ಲ್ ಹಾಸು. ಇನ್ನೊಂದು, ದಶಕಗಳಿಂದ ಡ್ರೆಜ್ ಎಳೆಯುತ್ತಾ ಬಂದಿದ್ದ ಹಾಸು. ಎರಡರಲ್ಲೂ ಡ್ರೆಜ್ ಎಳೆಸಿ, ಮುಳುಗುಗಾರರಾಗಿ ಮತ್ತೆ ಮತ್ತೆ ಹೋಗಿ ನೋಡಿದರು. ಹಲ್ಲುಗಳು ಮೇರ್ಲ್‌ನೊಳಕ್ಕೆ ಸುಮಾರು 10 ಸೆಂಟಿಮೀಟರ್ ಇಳಿದಿದ್ದವು. ಮೇಲಿನ ಜೀವಂತ ತುಂಡುಗಳು ಕೆಲವು ಪುಡಿಯಾದವು, ಉಳಿದವು ಕೆಳಗೆ ಹೂತುಹೋದವು. ಬೆಳಕು ಸಿಗದ ಪಾಚಿ ಸಾಯುತ್ತದೆ. ಕೆಳಗಿದ್ದ ಸತ್ತ ಬಿಳಿ ಚೂರುಗಳು ಮೇಲೆ ಬಂದವು. ಎದ್ದ ಹೂಳು ಅಕ್ಕಪಕ್ಕದ ಹಾಸಿನ ಮೇಲೂ ಕುಳಿತಿತು. ಡ್ರೆಜ್ ಕಾಣದಿದ್ದ ಜಾಗದಲ್ಲಿ ಜೀವಂತ ಮೇರ್ಲ್ ಪ್ರಮಾಣ ಶೇ 70ಕ್ಕೂ ಹೆಚ್ಚು ಕುಸಿಯಿತು. ನಾಲ್ಕು ವರ್ಷ ಕಾದು ನೋಡಿದರೂ ಚೇತರಿಕೆಯ ಸುಳಿವು ಸಿಗಲಿಲ್ಲ.

ಹಳೆಯ ಡ್ರೆಜ್ ಜಾಗದ ಕತೆ ಇನ್ನೊಂದು ರೀತಿಯಲ್ಲಿ ಮುಖ್ಯ. ಅಲ್ಲಿ ಹೊಸ ಡ್ರೆಜ್‌ನಿಂದ ಹೆಚ್ಚಿನ ಬದಲಾವಣೆ ಕಾಣಲಿಲ್ಲ, ಅಲ್ಲಿದ್ದ ಜೀವಿಗಳು ಬೇಗ ಚೇತರಿಸಿಕೊಂಡವು. ಹಾಗೆಂದು ಆ ನೆಲ ಗಟ್ಟಿಯಾಗಿತ್ತು ಎಂದುಕೊಳ್ಳಬಾರದು. ಕಳೆದುಕೊಳ್ಳಬೇಕಾದದ್ದನ್ನೆಲ್ಲ ಅದು ಮೊದಲೇ ಕಳೆದುಕೊಂಡಿತ್ತು. ಪೆಟ್ಟು ತಾಳುವ ಸಣ್ಣ ಜೀವಿಗಳಷ್ಟೇ ಉಳಿದಿದ್ದವು. ಈಗಾಗಲೇ ಕೆಟ್ಟ ನೆಲವನ್ನು ಆಧಾರವಾಗಿಟ್ಟುಕೊಂಡು ಹಾನಿ ಅಳೆದರೆ ಹಾನಿಯೇ ಇಲ್ಲವೆಂಬ ಉತ್ತರ ಬರುತ್ತದೆ. ಮೀನುಗಾರಿಕೆ ಕುರಿತ ಅನೇಕ ವಾದಗಳಲ್ಲಿ ಈ ತಪ್ಪು ಲೆಕ್ಕ ನುಸುಳಿರುವುದನ್ನು ಓದುಗರು ಗಮನಿಸಬೇಕು.

ಕ್ಲೈಡ್‌ನ ಇತಿಹಾಸವನ್ನೂ ಸ್ವಲ್ಪ ತಿಳಿಯಬೇಕು. 1889ರಿಂದ ಅಲ್ಲಿ ತಳ ಎಳೆಯುವ ಬಲೆಗಳಿಗೆ ಕಡಿವಾಣವಿತ್ತು. 1962ರಲ್ಲಿ ಅದು ಸಡಿಲವಾಯಿತು. 1984ರ ಕಾನೂನು ದಡದಿಂದ ಮೂರು ಮೈಲಿಯೊಳಗಿನ ನಿಷೇಧವನ್ನೂ ತೆಗೆದುಹಾಕಿತು. ಯಾರ್ಕ್ ವಿಶ್ವವಿದ್ಯಾಲಯದ ರೂತ್ ಥರ್ಸ್ಟನ್ ಮತ್ತು ಕ್ಯಾಲಮ್ ರಾಬರ್ಟ್ಸ್ 2010ರಲ್ಲಿ ಈ ಕೊಲ್ಲಿಯ ಇನ್ನೂರು ವರ್ಷಗಳ ಮೀನುಗಾರಿಕೆಯನ್ನು ಪರಿಶೀಲಿಸಿದಾಗ, ಒಂದು ಕಾಲದಲ್ಲಿ ಕಾಡ್, ಹ್ಯಾಡಕ್‌ಗಳಿಗೆ ಹೆಸರಾಗಿದ್ದ ನೀರಿನಲ್ಲಿ ಆ ಮೀನುಗಾರಿಕೆಗಳು ಕುಸಿದು, ಉಳಿದದ್ದು ಮುಖ್ಯವಾಗಿ ಲ್ಯಾಂಗೊಸ್ಟೀನ್ ಎಂಬ ಸಿಗಡಿಯ ಜಾತಿ ಮತ್ತು ಸ್ಕ್ಯಾಲಪ್ ಎಂದು ಕಂಡಿತು.

ಆ ಕೊಲ್ಲಿಯ ನಡುವೆ ಆರನ್ ದ್ವೀಪವಿದೆ. ಹೋವರ್ಡ್ ವುಡ್ ಮತ್ತು ಡಾನ್ ಮ್ಯಾಕ್‌ನೀಶ್ ಎಂಬ ಇಬ್ಬರು ಮುಳುಗುಗಾರರು ಅಲ್ಲಿಯವರು. ತಾವು ವರ್ಷಗಳಿಂದ ನೋಡುತ್ತಾ ಬಂದ ಸಮುದ್ರದ ನೆಲ ಬರಿದಾಗುತ್ತಿರುವುದನ್ನು ಕಣ್ಣಾರೆ ಕಂಡವರು. ಮ್ಯಾಕ್‌ನೀಶ್ ನ್ಯೂಜಿಲೆಂಡಿಗೆ ಹೋದಾಗ ಅಲ್ಲಿ 1970ರ ದಶಕದಿಂದ ಇದ್ದ, ಏನನ್ನೂ ಹಿಡಿಯಬಾರದೆಂಬ ನಿಯಮದ ಸಮುದ್ರ ಮೀಸಲನ್ನು ನೋಡಿಬಂದರು. 1995ರಲ್ಲಿ ಇಬ್ಬರೂ ಸೇರಿ ‘ಕಮ್ಯುನಿಟಿ ಆಫ್ ಆರನ್ ಸೀಬೆಡ್ ಟ್ರಸ್ಟ್’ ಎಂಬ ಊರಿನವರ ಸಂಘಟನೆ ಕಟ್ಟಿದರು. ಅದಕ್ಕೆ ಹಣವೂ ಇರಲಿಲ್ಲ, ವಿಜ್ಞಾನದ ಪದವಿಯ ಬಲವೂ ಇರಲಿಲ್ಲ. ಸಭೆ, ಪತ್ರ, ಮನವಿಗಳಲ್ಲಿ ಹದಿಮೂರು ವರ್ಷ ಕಳೆದವು. 2008ರಲ್ಲಿ ಲ್ಯಾಮ್‌ಲ್ಯಾಷ್ ಕೊಲ್ಲಿಯ 2.67 ಚದರ ಕಿಲೋಮೀಟರ್ ಜಾಗದಲ್ಲಿ ಎಲ್ಲ ಬಗೆಯ ಮೀನುಗಾರಿಕೆಯನ್ನೂ ಸರ್ಕಾರ ನಿಷೇಧಿಸಿತು. ಸ್ಕಾಟ್ಲೆಂಡಿನಲ್ಲಿ ಅಂಥದು ಅದೇ ಮೊದಲು. ಆ ಜಾಗದೊಳಗೆ ಮೇರ್ಲ್ ಹಾಸೂ ಇದೆ. 2014ರಲ್ಲಿ ಆರನ್‌ನ ದಕ್ಷಿಣದ ಸುಮಾರು 280 ಚದರ ಕಿಲೋಮೀಟರ್ ಸಮುದ್ರ ಸಂರಕ್ಷಿತ ಪ್ರದೇಶವಾಯಿತು, 2016ರಲ್ಲಿ ಅಲ್ಲಿ ಡ್ರೆಜ್ ಎಳೆಯುವುದೂ ನಿಂತಿತು. ಈ ಕೆಲಸಕ್ಕಾಗಿ ವುಡ್ ಅವರಿಗೆ 2015ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು.

ಲ್ಯಾಮ್‌ಲ್ಯಾಷ್ ಮೀಸಲಿನಿಂದ ಆದದ್ದೇನು? ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಮೀಸಲಿನ ಒಳಗೂ ಹೊರಗೂ ಸಮೀಕ್ಷೆ ನಡೆಸಿದಾಗ ಮರಿ ಸ್ಕ್ಯಾಲಪ್‌ಗಳು ಒಳಗೆ ಹೆಚ್ಚಿದ್ದವು. ಎಲ್ಲಿ ಕಡಲಕಳೆ, ಮೇರ್ಲ್ ಮುಂತಾದವುಗಳಿಂದ ನೆಲ ಏರುತಗ್ಗಾಗಿತ್ತೋ ಅಲ್ಲಿ ಅವುಗಳ ಸಂಖ್ಯೆ ಏರಿತ್ತು. ಬಲಿತ ಸ್ಕ್ಯಾಲಪ್‌ಗಳು ಒಳಗೆ ದೊಡ್ಡವಾಗಿದ್ದವು, ಹೆಚ್ಚು ವಯಸ್ಸಿನವಾಗಿದ್ದವು. ದೊಡ್ಡ ಸ್ಕ್ಯಾಲಪ್ ಬಿಡುವ ಮೊಟ್ಟೆಗಳೂ ಹೆಚ್ಚು, ಮರಿಗಳು ತೇಲಿ ಹೊರಗೂ ಹೋಗುತ್ತವೆ. ಆದರೆ ಇಲ್ಲಿ ಎರಡು ಗಡಿಯಾರಗಳ ವೇಗ ಬೇರೆಯೆಂಬುದನ್ನು ಮರೆಯಬಾರದು. ಕಡಲಕಳೆ ಒಂದೆರಡು ಋತುಗಳಲ್ಲಿ ಮರಳುತ್ತದೆ, ಸ್ಕ್ಯಾಲಪ್ ಕೆಲವು ವರ್ಷಗಳಲ್ಲಿ. ವರ್ಷಕ್ಕೆ ಒಂದು ಮಿಲಿಮೀಟರ್ ಲೆಕ್ಕದಲ್ಲಿ ಮೇರ್ಲ್‌ಗೆ ಹದಿನೈದು ವರ್ಷ ಎಂದರೆ ಒಂದೂವರೆ ಸೆಂಟಿಮೀಟರ್. ಜೀವಂತ ತುಂಡುಗಳು ಉಳಿದಿದ್ದ ಕಡೆ ಮೀಸಲು ಅವನ್ನು ಕಾಪಾಡಿತು. ಉಳಿದಿರದ ಕಡೆ ಈಗಿನ ತಲೆಮಾರು ಬದಲಾವಣೆ ನೋಡಲಾರದು.

ಡ್ರೆಜ್ ಒಂದೇ ಶತ್ರುವಲ್ಲ. ಮೇರ್ಲನ್ನೇ ಬಾಚಿ ಮಾರಿದ ದೊಡ್ಡ ವ್ಯಾಪಾರವೂ ಇತ್ತು. ನಮ್ಮ ಮಲೆನಾಡಿನ ಅಡಿಕೆ ತೋಟದವರಿಗೆ ಇದರ ಹಿನ್ನೆಲೆ ಹೇಳಿಕೊಡಬೇಕಿಲ್ಲ: ಮಳೆ ಜೋರಿರುವ ಕಡೆ ಮಣ್ಣು ಹುಳಿಯಾಗುತ್ತದೆ, ಹುಳಿ ಮುರಿಯಲು ಸುಣ್ಣ ಹಾಕಬೇಕು. ಬ್ರಿಟ್ಟನಿ, ಇಂಗ್ಲೆಂಡಿನ ಕಾರ್ನ್‌ವಾಲ್, ಐರ್ಲೆಂಡಿನ ಮಣ್ಣಿಗೂ ಅದೇ ಗುಣ. ಅಲ್ಲಿನ ರೈತರು ಶತಮಾನಗಳಿಂದ ಮೇರ್ಲನ್ನು ತಂದು ಹೊಲಕ್ಕೆ ಹಾಕುತ್ತಿದ್ದರು. ಕೈಯಿಂದ ದೋಣಿಗೆ ತುಂಬಿಸುವವರೆಗೆ ಅದಕ್ಕೊಂದು ಮಿತಿಯಿತ್ತು. ಯಂತ್ರಗಳು ಬಂದಮೇಲೆ, 1970ರ ದಶಕದ ಹೊತ್ತಿಗೆ, ಫ್ರಾನ್ಸ್ ಒಂದರಲ್ಲೇ ವರ್ಷಕ್ಕೆ ಸುಮಾರು 5 ಲಕ್ಷ ಟನ್ ಎತ್ತಲಾಗುತ್ತಿತ್ತು. ಹೊಲದ ಜೊತೆಗೆ ಪಶು ಆಹಾರ, ನೀರು ಶುದ್ಧೀಕರಣ ಹೀಗೆ ಬೇಡಿಕೆ ಬೆಳೆದಿತ್ತು. ಬ್ರಿಟ್ಟನಿಯ ಗ್ಲೆನಾನ್ ದ್ವೀಪಗಳ ಬಳಿ ಹಾಸು ಇದ್ದ ಜಾಗದಲ್ಲಿ ಹೊಂಡ ಮತ್ತು ಕೆಸರು ಉಳಿಯಿತು. ಕಾರ್ನ್‌ವಾಲ್‌ನಲ್ಲಿ ಈ ವ್ಯಾಪಾರ 2000ರ ದಶಕದ ಮಧ್ಯದಲ್ಲಿ, ಬ್ರಿಟ್ಟನಿಯಲ್ಲಿ 2010ರ ದಶಕದ ಆರಂಭದಲ್ಲಿ ನಿಂತಿತು. ನೆಲದ ಮೇಲಿನ ಸುಣ್ಣಕಲ್ಲು ಅದೇ ಕೆಲಸ ಮಾಡುತ್ತದೆ. ರೈತರು ಅದಕ್ಕೆ ಹೊಂದಿಕೊಂಡರು.

ಸಾಲ್ಮನ್ ಸಾಕಣೆಯ ಪಂಜರಗಳಿಂದ ಉದುರುವ ಮಲ ಮತ್ತು ಉಳಿದ ಆಹಾರ ಕೆಳಗಿನ ಹಾಸನ್ನು ಉಸಿರುಗಟ್ಟಿಸುವುದು ಸ್ಕಾಟ್ಲೆಂಡಿನಲ್ಲಿ ದಾಖಲಾಗಿದೆ. ಬ್ರಿಟ್ಟನಿಯ ಬ್ರೆಸ್ಟ್ ಕೊಲ್ಲಿಯಲ್ಲಿ ಅಮೆರಿಕ ಮೂಲದ ಕ್ರೆಪಿಡ್ಯುಲಾ ಎಂಬ ಚಿಪ್ಪುಜೀವಿ ಒಂದರ ಮೇಲೊಂದು ಅಂಟಿಕೊಂಡು ಹರಡಿ, ತನ್ನ ಕಸದಿಂದ ಮೇರ್ಲ್ ಸಂದುಗಳನ್ನು ಮುಚ್ಚುತ್ತಿದೆ. ಇವೆರಡರಲ್ಲೂ ಸಾವಿನ ಕಾರಣ ಹೂಳು ಮತ್ತು ಆಮ್ಲಜನಕದ ಕೊರತೆಯೇ.

ಇವೆಲ್ಲಕ್ಕಿಂತ ವ್ಯಾಪಕವಾದ ಅಪಾಯ ನೀರಿನ ರಸಾಯನದಲ್ಲಿ ಆಗುತ್ತಿರುವ ಬದಲಾವಣೆ. ನಾವು ಸುಡುವ ಇಂಧನದಿಂದ ಗಾಳಿ ಸೇರುವ ಇಂಗಾಲದ ಡೈಆಕ್ಸೈಡಿನಲ್ಲಿ ಒಂದು ಪಾಲನ್ನು ಸಮುದ್ರ ಹೀರುತ್ತದೆ. ಅದು ನೀರಿನಲ್ಲಿ ಕರಗಿ ದುರ್ಬಲ ಆಮ್ಲವಾಗುತ್ತದೆ. ಸುಣ್ಣ ಕಟ್ಟಲು ಬೇಕಾದ ಕಾರ್ಬೋನೇಟ್ ಕಣಗಳು ನೀರಿನಲ್ಲಿ ಕಡಿಮೆಯಾಗುತ್ತವೆ. ಎಲ್ಲ ಸುಣ್ಣವೂ ಒಂದೇ ಅಲ್ಲ. ಮೇರ್ಲ್‌ನ ಸುಣ್ಣದಲ್ಲಿ ಮೆಗ್ನೀಸಿಯಂ ಹೆಚ್ಚಿರುವುದರಿಂದ ಅದು ಹವಳ ಅಥವಾ ಸಾಮಾನ್ಯ ಚಿಪ್ಪಿನ ಸುಣ್ಣಕ್ಕಿಂತ ಬೇಗ ಕರಗುತ್ತದೆ. ಜೀವಂತ ಪಾಚಿ ಹಗಲಿನಲ್ಲಿ ದ್ಯುತಿಸಂಶ್ಲೇಷಣೆ ನಡೆಸುವಾಗ ತನ್ನ ಮೈಸುತ್ತಲಿನ ನೀರಿನ ಆಮ್ಲತೆಯನ್ನು ತಗ್ಗಿಸಿಕೊಂಡು ಸ್ವಲ್ಪಮಟ್ಟಿಗೆ ಎದುರಿಸೀತು. ಕೆಳಗಿನ ಸತ್ತ ತುಂಡುಗಳಿಗೆ ಆ ರಕ್ಷಣೆಯಿಲ್ಲ. ಇಟಲಿಯ ಇಸ್ಕಿಯಾ ದ್ವೀಪದ ಬಳಿ ಸಮುದ್ರದ ನೆಲದಿಂದ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ಸಹಜವಾಗಿಯೇ ಏಳುವ ಜಾಗವಿದೆ. ಹಾಲ್-ಸ್ಪೆನ್ಸರ್ ಮತ್ತು ಸಹೋದ್ಯೋಗಿಗಳು 2008ರಲ್ಲಿ ವರದಿ ಮಾಡಿದಂತೆ, ಗುಳ್ಳೆಗಳ ಹತ್ತಿರ ಹೋದಂತೆಲ್ಲ ಸುಣ್ಣದ ಪಾಚಿಗಳು ಕಡಿಮೆಯಾಗುತ್ತಾ ಬಂದು ಇಲ್ಲವಾಗುತ್ತವೆ. ಹವಾಮಾನ ಬದಲಾವಣೆಯಿಂದ ಸ್ಕಾಟ್ಲೆಂಡಿನ ಮೇರ್ಲ್ ಹರವು 2100ರ ಹೊತ್ತಿಗೆ ಶೇ 38ರಿಂದ 84ರಷ್ಟು ಕುಗ್ಗಬಹುದೆಂದು 2020ರ ಅಧ್ಯಯನವೊಂದು ಅಂದಾಜಿಸಿದೆ. ಎರಡು ಅಂಕಿಗಳ ನಡುವಿನ ದೊಡ್ಡ ಅಂತರ ನಾವು ಎಷ್ಟು ಇಂಧನ ಸುಡುತ್ತೇವೆ ಎಂಬುದನ್ನು ಅವಲಂಬಿಸಿದೆ.

ಇಲ್ಲೊಂದು ತಪ್ಪು ಕಲ್ಪನೆಯನ್ನೂ ಸರಿಪಡಿಸಬೇಕು. ಸುಣ್ಣದಲ್ಲಿ ಇಂಗಾಲ ಇರುವುದರಿಂದ ಸುಣ್ಣ ಕಟ್ಟುವ ಜೀವಿಗಳೆಲ್ಲ ಗಾಳಿಯ ಇಂಗಾಲವನ್ನು ಹಿಡಿದಿಡುತ್ತವೆ ಎಂದು ಹೇಳುವವರಿದ್ದಾರೆ. ನೀರಿನಲ್ಲಿ ಕರಗಿರುವ ಎರಡು ಬೈಕಾರ್ಬೋನೇಟ್ ಕಣಗಳಿಂದ ಒಂದು ಸುಣ್ಣದ ಕಣ ಮೂಡುವಾಗ ಒಂದು ಇಂಗಾಲದ ಡೈಆಕ್ಸೈಡ್ ಕಣ ನೀರಿಗೆ ಬಿಡುಗಡೆಯಾಗುತ್ತದೆ. ಆದ್ದರಿಂದ ಆ ಕ್ರಿಯೆಯನ್ನಷ್ಟೇ ನೋಡಿದರೆ ಮೇರ್ಲ್ ಹವಾಮಾನದ ಔಷಧವಲ್ಲ. ಸಂದುಗಳಲ್ಲಿ ಸಿಕ್ಕಿಕೊಂಡು ಸಾವಿರಾರು ವರ್ಷ ಹೂತಿರುವ ಎಲೆ, ಪಾಚಿ, ಜೀವಿಗಳ ಅವಶೇಷದಲ್ಲಿರುವ ಇಂಗಾಲದ ಮಾತು ಬೇರೆ. ಹಾಸನ್ನು ಕೆದಕದಿದ್ದರೆ ಅದು ಅಲ್ಲೇ ಇರುತ್ತದೆ. ಮೇರ್ಲನ್ನು ಉಳಿಸಲು ಒಳ್ಳೆಯ ಕಾರಣಗಳು ಬೇಕಾದಷ್ಟಿರುವಾಗ ದುರ್ಬಲ ಕಾರಣವನ್ನು ಮುಂದೆ ಮಾಡುವ ಅಗತ್ಯವಿಲ್ಲ.

ಕಾನೂನು ಏನು ಹೇಳುತ್ತದೆ? ಯುರೋಪಿಯನ್ ಒಕ್ಕೂಟದ 1992ರ ಆವಾಸಸ್ಥಾನ ನಿರ್ದೇಶನದ ಐದನೆಯ ಅನುಬಂಧದಲ್ಲಿ ಎರಡು ಮೇರ್ಲ್ ಜಾತಿಗಳಿವೆ. ಬಳಸಬಹುದು, ಆದರೆ ಬಳಕೆಯನ್ನು ನಿಭಾಯಿಸಬೇಕು ಎಂಬ ವರ್ಗದ ಜೀವಿಗಳ ಪಟ್ಟಿ ಅದು. ಈಶಾನ್ಯ ಅಟ್ಲಾಂಟಿಕ್ ರಕ್ಷಣೆಯ ಆಸ್ಪಾರ್ ಒಪ್ಪಂದ ಮೇರ್ಲ್ ಹಾಸುಗಳನ್ನು ಅಪಾಯದಲ್ಲಿರುವ ನೆಲೆಗಳ ಪಟ್ಟಿಗೆ ಸೇರಿಸಿದೆ. ಮೆಡಿಟರೇನಿಯನ್‌ಗೆ ಅನ್ವಯಿಸುವ 2006ರ ನಿಯಮ ಮಾತ್ರ ಖಚಿತ ಮಾತಾಡುತ್ತದೆ: ಮೇರ್ಲ್ ಹಾಸಿನ ಮೇಲೆ ತಳ ಎಳೆಯುವ ಬಲೆ, ಡ್ರೆಜ್ ಬಳಸುವಂತಿಲ್ಲ.

ಮೊದಲ ಪಟ್ಟಿಯ ಹಿಂದಿರುವ ಆಲೋಚನೆ ನನಗೆ ಒಪ್ಪಿಗೆಯಿಲ್ಲ. ಬಳಸಿ, ನಿಭಾಯಿಸಿ, ಮತ್ತೆ ಬೆಳೆಯಲು ಬಿಡಿ ಎಂಬ ಕ್ರಮ ಹುಲ್ಲಿಗೂ ಮೀನಿಗೂ ಸಲ್ಲುತ್ತದೆ. 8000 ವರ್ಷದಲ್ಲಿ ಕಟ್ಟಿಕೊಂಡದ್ದನ್ನು ಒಂದು ಮಧ್ಯಾಹ್ನ ಕೆದಕಿ, ಹತ್ತು ವರ್ಷದ ಬಿಡುವು ಕೊಟ್ಟರೆ ಸರಿಹೋಗುತ್ತದೆ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಮೇರ್ಲನ್ನು ಗಣಿಯ ಅದಿರಿನಂತೆ, ತೆಗೆದರೆ ಮುಗಿಯಿತು ಎಂಬ ವರ್ಗದಲ್ಲಿಟ್ಟು ನಿಯಮ ರೂಪಿಸಬೇಕು. ಸ್ಕ್ಯಾಲಪ್ ದೋಣಿಗಳ ದುಡಿಮೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಸಾಲ ಮಾಡಿ ದೋಣಿ ಕಟ್ಟಿಸಿದ ಮನೆಗಳು ಅವು. ಆದರೆ ಅವರ ಮುಂದಿನ ವರ್ಷದ ಹಿಡುವಳಿ ಅಂಟಿಕೊಂಡು ಬೆಳೆಯುವುದೂ ಇದೇ ಹಾಸಿನ ಮೇಲೆ. ಮುಳುಗಿ ಕೈಯಿಂದ ಸ್ಕ್ಯಾಲಪ್ ಆರಿಸುವವರು ಸ್ಕಾಟ್ಲೆಂಡಿನಲ್ಲಿ ಈಗಲೂ ಇದ್ದಾರೆ, ಅವರ ಸರಕಿಗೆ ಬೆಲೆಯೂ ಹೆಚ್ಚು. ಮೇರ್ಲ್ ಇರುವ ಕಡೆ ಆ ಪದ್ಧತಿಗೆ ಜಾಗ ಬಿಟ್ಟುಕೊಡುವುದು ಆಗದ ಮಾತಲ್ಲ.

ಅದಕ್ಕೆ ಮೊದಲು ಮೇರ್ಲ್ ಎಲ್ಲಿದೆ ಎಂಬುದು ಗೊತ್ತಿರಬೇಕು. ಶಬ್ದದ ಅಲೆ ಕಳಿಸಿ ನೆಲದ ನಕ್ಷೆ ತೆಗೆಯುವ ಸೋನಾರ್, ಹಗ್ಗಕ್ಕೆ ಕಟ್ಟಿ ಇಳಿಬಿಡುವ ಕ್ಯಾಮೆರಾ ಇವೆರಡು ಸಾಕು, ಎರಡೂ ಹೊಸ ತಂತ್ರಗಳೇನಲ್ಲ. ಈಗಿನ ಪದ್ಧತಿಯಲ್ಲಿ ಹೆಚ್ಚಿನ ಕಡೆ ಡ್ರೆಜ್ ಎಳೆಯಲು ನೆಲ ಮುಕ್ತವಾಗಿರುತ್ತದೆ. ಅಲ್ಲಿ ಮೇರ್ಲ್ ಇದೆ ಎಂದು ತೋರಿಸುವ ಹೊಣೆ ಕಾಪಾಡಲು ಹೊರಟವರ ಮೇಲೆ ಬೀಳುತ್ತದೆ, ಆರನ್‌ನಲ್ಲಿ ಬಿದ್ದಂತೆ. ಬೆಳಕು ತಲಪುವ, ಸೆಳೆತ ಇರುವ ಆಳವಿಲ್ಲದ ನೆಲವೆಂದರೆ ಅಲ್ಲಿ ಮೇರ್ಲ್ ಇರಬಹುದೆಂದೇ ಎಣಿಸಿ, ಕ್ಯಾಮೆರಾ ಇಳಿಸಿ ಇಲ್ಲವೆಂದು ಖಚಿತವಾದ ಮೇಲಷ್ಟೇ ಅಲ್ಲಿ ಡ್ರೆಜ್‌ಗೆ ಪರವಾನಗಿ ಕೊಡಬೇಕು. ಆ ಸಮೀಕ್ಷೆಯ ಖರ್ಚು ಪರವಾನಗಿ ಶುಲ್ಕದಲ್ಲಿ ಸೇರಿರಲಿ.